ಅಮ್ಮ ಕೋರ್ಟಿಗೆ ಹೋದ ನಾಲ್ಕು ದಿನ

ಆ ಲಕೋಟೆ ಬಂದಾಗ ಅಮ್ಮನಿಗೆ ಎಪ್ಪತ್ತೆರಡು ವರ್ಷ. ಕೋವಿಡ್ಡಿನ ಗಲಾಟೆ ತಣ್ಣಗಾಗಿ, ಜನ ಮಾಸ್ಕ್ ತೆಗೆದು ಒಬ್ಬರ ಮುಖ ಒಬ್ಬರು ನೋಡುವುದನ್ನು ಮತ್ತೆ ಅಭ್ಯಾಸ ಮಾಡಿಕೊಳ್ಳುತ್ತಿದ್ದ ಕಾಲ ಅದು. ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿರುವ ನಮ್ಮ ಮನೆಗೆ ಅಮ್ಮನ ಹೆಸರಿನಲ್ಲಿ ಬರುತ್ತಿದ್ದದ್ದು ವಿಮೆಯ ಕಾಗದಗಳು, ಕಿವಿಗೆ ಹಾಕುವ ಮೆಷಿನ್ನಿನ ಜಾಹೀರಾತುಗಳು, ಅಷ್ಟೇ. ಅವನ್ನೂ ಅವಳು ಎಸೆಯುತ್ತಿರಲಿಲ್ಲ. ಪೂರ್ತಿ ಓದಿ, ಮಡಚಿ, ಹಾಸಿಗೆ ಪಕ್ಕದ ಡ್ರಾಯರಿನಲ್ಲಿ ಇಡುತ್ತಿದ್ದಳು.

ಆ ಸಂಜೆ ನಾನು ಲ್ಯಾಬಿನಿಂದ ಬಂದಾಗ ಅಮ್ಮ ಊಟದ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತಿದ್ದಳು.

"ಕೋರ್ಟಿನಿಂದ ಕಾಗದ ಬಂದಿದೆ. ನನ್ನನ್ನು ಜ್ಯೂರಿಗೆ ಕರೆದಿದ್ದಾರೆ."

ಪೌರತ್ವ ಇರುವ ಸಾಮಾನ್ಯ ಜನರನ್ನು ಸರದಿಯಂತೆ ಕರೆದು, ಆರೋ ಹನ್ನೆರಡೋ ಮಂದಿಯನ್ನು ಆರಿಸಿ, ಎರಡೂ ಕಡೆಯವರ ಮಾತು ಕೇಳಿಸಿ, ತೀರ್ಪನ್ನು ಅವರಿಂದಲೇ ಹೇಳಿಸುವುದು ಈ ದೇಶದ ಕ್ರಮ. ಅಮ್ಮ ಪೌರತ್ವದ ಪ್ರಮಾಣ ಮಾಡಿ ಆಗಿನ್ನೂ ಎರಡು ವರ್ಷವೂ ಆಗಿರಲಿಲ್ಲ.

ನನ್ನ ಗಂಡ ಕಾಗದ ತಿರುಗಿಸಿ ನೋಡಿದರು. "ಅತ್ತೆ, ಟೆನ್ಶನ್ ಬೇಡ. ಎಪ್ಪತ್ತು ದಾಟಿದವರಿಗೆ ಎಕ್ಸೆಂಪ್ಷನ್ ಇದೆ. ಒಂದು ಬಾಕ್ಸ್ ಟಿಕ್ ಮಾಡಿದ್ರೆ ಆಯ್ತು. ನಾನೇ ಆನ್‌ಲೈನ್‌ನಲ್ಲಿ ಫಿಲ್ ಮಾಡ್ತೀನಿ ಬಿಡಿ."

"ಟೆನ್ಶನ್ ಎಂತದ್ದು?" ಎಂದಳು ಅಮ್ಮ. "ನಾನು ಹೋಗ್ತೇನೆ."

"ದಿನವಿಡೀ ಕೂರಬೇಕಾಗುತ್ತೆ ಅತ್ತೆ. ನಿಮ್ಮ ಮಂಡಿ..."

"ಮನೆಯಲ್ಲಿ ಎಂತ ಮಾಡ್ತೇನೆ? ಇಲ್ಲಿಯೂ ಕೂತ್ಕೊಂಡೇ ಇರುವುದಲ್ಲವಾ?"

ಹೋಗು ಎನ್ನಲೂ ಬೇಡ ಎನ್ನಲೂ ನನಗೆ ಮುಖವಿರಲಿಲ್ಲ. ನನಗೆ ಪೌರತ್ವ ಬಂದ ಮೇಲೆ ಎರಡು ಸಲ ಕರೆ ಬಂದಿತ್ತು. ಎರಡನೆಯ ಸಲ ಒಮ್ಮೆ ಮುಂದೂಡಿಸಿಕೊಂಡೆ. ಹೊಸ ತಾರೀಖು ಬರುವಷ್ಟರಲ್ಲಿ ಕೋವಿಡ್ ಬಂದು ಕೋರ್ಟೇ ಮುಚ್ಚಿತು. ಶಾಲೆಗೆ ಮಳೆ ರಜೆ ಸಿಕ್ಕ ಹುಡುಗಿಯ ಹಾಗೆ ಖುಷಿಪಟ್ಟಿದ್ದೆ. ಮೊದಲ ಸಲದ್ದು ಇನ್ನೂ ಕೆಟ್ಟದ್ದು. ಅವತ್ತು ಹೋಗಿದ್ದೆ. ಆದರೆ ವಾರಾಂತ್ಯದ ಊಟದ ಕೂಟಗಳಲ್ಲಿ ಸಿಗುತ್ತಿದ್ದ ಒಬ್ಬರು ಅಂಕಲ್ ಹೇಳಿಕೊಟ್ಟಿದ್ದ ಉಪಾಯವನ್ನು ಜೊತೆಗೆ ತೆಗೆದುಕೊಂಡು ಹೋಗಿದ್ದೆ. ಆರಿಸುವ ಮೊದಲು ಜಡ್ಜ್ ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಹೌದು ಎನ್ನುವವರು ಎದ್ದು ನಿಲ್ಲಬೇಕು. "ಪೊಲೀಸರ ಮಾತನ್ನು ಬೇರೆಯವರ ಮಾತಿಗಿಂತ ಹೆಚ್ಚು ನಂಬುವವರು ಇದ್ದೀರಾ?" ಎಂದು ಕೇಳಿದಾಗ ನಾನು ಎದ್ದು ನಿಂತೆ. ನಿಜ ಹೇಳಬೇಕೆಂದರೆ ನನಗೆ ಪೊಲೀಸರ ಮೇಲೆ ವಿಶೇಷ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮೀಟಿಂಗ್ ಇತ್ತು. ಹನ್ನೊಂದೂವರೆಗೆ ನನ್ನನ್ನು ಕಳಿಸಿಬಿಟ್ಟರು. ಆ ದಿನ ಕಟಕಟೆಯ ಆಚೆ ಬಿಳಿ ಶರ್ಟಿನ ಒಬ್ಬ ಮನುಷ್ಯ ತಲೆ ಬಗ್ಗಿಸಿ ಕೂತಿದ್ದ. ಅವನ ಕಥೆ ಏನಾಯಿತೋ ನನಗೆ ಗೊತ್ತಿಲ್ಲ.

ಅದೇ ಅಂಕಲ್ ಆ ಭಾನುವಾರವೂ ಸಿಕ್ಕಿದರು. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಅಮ್ಮನ ಪಕ್ಕ ಬಂದು ಕೂತರು.

"ಅಮ್ಮಾ, ನಿಮ್ಮದು ಸಿಂಪಲ್. ಇಂಗ್ಲಿಷ್ ಸರಿಯಾಗಿ ಬರಲ್ಲ ಅಂದ್ಬಿಡಿ. ಐದು ನಿಮಿಷದಲ್ಲಿ ಮನೆಗೆ ಕಳಿಸ್ತಾರೆ."

"ನನ್ನ ಇಂಗ್ಲಿಷಿಗೆ ಎಂತ ಆಗಿದೆ?" ಎಂದಳು ಅಮ್ಮ.

ಅಂಕಲ್ ನಕ್ಕು ಮಾತು ಬದಲಿಸಿದರು. ಅಮ್ಮ ಮಂಗಳೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಆಪರೇಟರ್ ಆಗಿದ್ದವಳು, ಬೊಂಬಾಯಿ, ಮದರಾಸು, ಕಲ್ಕತ್ತದ ಆಪರೇಟರುಗಳ ಜೊತೆ ದಿನವಿಡೀ ಇಂಗ್ಲಿಷಿನಲ್ಲಿ ಜಗಳವಾಡಿದವಳು ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಅಕ್ಟೋಬರಿನ ಒಂದು ಸೋಮವಾರ ಬೆಳಿಗ್ಗೆ ನಾನು ಅವಳನ್ನು ಕೋರ್ಟಿಗೆ ಬಿಟ್ಟೆ. ಅಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ. ಕಂದು ಅಂಚಿನ ಹತ್ತಿ ಸೀರೆ, ಮೇಲೆ ಸ್ವೆಟರು, ಕಾಲಿಗೆ ಮೊಮ್ಮಗಳ ಹಳೆಯ ಓಟದ ಶೂ. ಚೀಲದಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ನೀರು ದೋಸೆ, ಬೆಲ್ಲ ಕಾಯಿ. ಬಾಗಿಲಲ್ಲಿ ಡಬ್ಬಿ ಸ್ಕ್ಯಾನರಿನೊಳಗೆ ಹೋಗಿ ನಿಂತುಬಿಟ್ಟಿತು. ಗಾರ್ಡ್ ಅದನ್ನು ತೆರೆಸಿದ. ಇಣುಕಿ ನೋಡಿ ತಲೆಯಾಡಿಸಿ, ತಾನೇ ಮುಚ್ಚಳ ಹಾಕಿ ಎರಡೂ ಕೈಯಲ್ಲಿ ವಾಪಸು ಕೊಟ್ಟ. ಅಮ್ಮ ತಿರುಗಿ ಸಹ ನೋಡದೆ ಒಳಗೆ ನಡೆದಳು.

ಮಧ್ಯಾಹ್ನದೊಳಗೆ ಕಳಿಸಿಬಿಡುತ್ತಾರೆ ಎಂದುಕೊಂಡು ಫೋನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅವಳ ಫೋನು ಬಂದದ್ದು ಐದು ಗಂಟೆಗೆ. "ಬಾ. ನನ್ನನ್ನು ತೆಗೊಂಡಿದ್ದಾರೆ. ನಾಳೆಯೂ ಉಂಟು."

ಕಾರು ಹತ್ತಿದ ಕೂಡಲೇ ಕೇಳಿದೆ. "ಏನಮ್ಮ, ಯಾವ ಕೇಸು?"

"ಅದು ಹೇಳ್ಲಿಕ್ಕಿಲ್ಲ. ಜಡ್ಜ್ ಹೇಳಿದ್ದಾರೆ, ಮನೆಯವರ ಹತ್ತಿರವೂ ಮಾತಾಡ್ಬಾರ್ದು ಅಂತ."

"ನನ್ನ ಹತ್ರ ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ?"

ಅಮ್ಮ ನನ್ನನ್ನು ನೋಡಿದ ರೀತಿಗೆ ನಾನು ಕಾರು ಶುರು ಮಾಡಿದೆ. ಬಾಲ್ಯದಲ್ಲೂ ಇದೇ ಆಗುತ್ತಿತ್ತು. ಅರ್ಧ ಊರಿನ ಮಾತು ಅವಳ ಕಿವಿಯ ಮೂಲಕ ಹಾದುಹೋಗುತ್ತಿದ್ದ ದಿನಗಳವು. ಯಾರ ಮಗಳ ಸಂಬಂಧ ಮುರಿಯಿತು, ಯಾರ ಅಂಗಡಿ ಮುಳುಗಿತು, ಎಲ್ಲ ಅವಳಿಗೆ ನಮಗಿಂತ ಮೊದಲೇ ಗೊತ್ತಿರುತ್ತಿತ್ತು. ಮನೆಗೆ ಬಂದವಳು ಸೊಪ್ಪು ಬಿಡಿಸುತ್ತ ಕೂರುತ್ತಿದ್ದಳೇ ಹೊರತು ಒಂದು ಅಕ್ಷರವೂ ಹೊರಬೀಳುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನನ್ನ ಮಗಳು ಬೆನ್ನು ಹತ್ತಿದಳು. ಆಗ ಅವಳಿಗೆ ಹದಿನೈದು.

"ಅಜ್ಜಿ, ಈಸ್ ಇಟ್ ಎ ಮರ್ಡರ್? ಹೇಳೋದು ಬೇಡ. ಜಸ್ಟ್ ಬ್ಲಿಂಕ್ ಒನ್ಸ್."

ಅಮ್ಮ ಎರಡೂ ಕಣ್ಣು ಮುಚ್ಚಿಕೊಂಡು ಸಾರನ್ನ ಕಲಸತೊಡಗಿದಳು. ಮಗಳು ಬಿದ್ದು ಬಿದ್ದು ನಕ್ಕಳು.

ಎರಡನೆಯ ದಿನ ವಾಪಸು ಬರುವಾಗ ಅಮ್ಮನ ಮುಖದಲ್ಲಿ ಏನೋ ಉತ್ಸಾಹ.

"ಇವತ್ತು ನನಗೆ ಹೆಡ್‌ಸೆಟ್ ಕೊಟ್ಟರು ಮಾರಾಯ್ತಿ! ಇದು ಹೇಳ್ಬಹುದು, ಕೇಸಿನದ್ದಲ್ಲ. ಒಬ್ಬರು ತುಂಬ ಮೆಲ್ಲ ಮಾತಾಡ್ತಿದ್ರು. ನಾನು ಕೈ ಎತ್ತಿ, ನನಗೆ ಕೇಳುವುದಿಲ್ಲ ಅಂತ ಹೇಳಿದೆ. ಎಲ್ಲ ನಿಲ್ಲಿಸಿದರು. ಜಡ್ಜ್ ಥ್ಯಾಂಕ್ಯೂ ಅಂದ್ರು. ಆಮೇಲೆ ಒಂದು ಹುಡುಗಿ ಹೆಡ್‌ಸೆಟ್ ತಂದು ಕಿವಿಗೆ ಸರಿ ಮಾಡಿ ಕೂರಿಸಿದ್ಲು."

ತುಂಬಿದ ಕೋರ್ಟಿನಲ್ಲಿ ಕೈ ಎತ್ತಿ ವಕೀಲರ ಮಾತನ್ನು ನಿಲ್ಲಿಸಿದ ಅಮ್ಮನನ್ನು ಊಹಿಸಿಕೊಂಡೆ. ನಾನಾಗಿದ್ದರೆ ಕೇಳಿಸಿದಂತೆ ತಲೆಯಾಡಿಸುತ್ತ ಕೂರುತ್ತಿದ್ದೆ.

ಅಲ್ಲಿಂದ ಅವಳ ಮಾತು ಎಕ್ಸ್‌ಚೇಂಜಿಗೆ ಹೋಯಿತು. ಕೇಸಿನ ಬಗ್ಗೆ ಬಾಯಿ ಬಿಡುವಂತಿಲ್ಲ, ಇಪ್ಪತ್ತೈದು ನಿಮಿಷದ ದಾರಿ, ಸಂಜೆಯ ಟ್ರಾಫಿಕ್ಕಿದ್ದರೆ ಮುಕ್ಕಾಲು ಗಂಟೆ. ನಾನು ಕೇಳಿಯೇ ಇರದ ಕಥೆಗಳೆಲ್ಲ ಆ ಕಾರಿನಲ್ಲಿ ಬಂದವು. ಸಾಲಾಗಿ ಕೂತ ಆಪರೇಟರುಗಳ ಮಧ್ಯೆ ಸುತ್ತುತ್ತಿದ್ದ ಒಂದೇ ಒಂದು ಮಲ್ಲಿಗೆ ಚೆಂಡು, ಅದನ್ನು ಹರಿದು ಹಂಚಿಕೊಳ್ಳುತ್ತಿದ್ದದ್ದು. ಮುಖ ನೋಡದ ಬೊಂಬಾಯಿಯ ಗೆಳತಿಯೊಬ್ಬಳ ಜೊತೆ ಲೈನ್ ಖಾಲಿ ಇದ್ದಾಗ ಅಡುಗೆಯ ಮಾತು. ನಾನು ಹೊಟ್ಟೆಯಲ್ಲಿದ್ದಾಗ ಕುರ್ಚಿ ಹಿಂದೆ ಸರಿಸಿಕೊಂಡು, ಕೈ ಉದ್ದ ಮಾಡಿ ಕೆಲಸ ಮಾಡಿದ್ದು. ನಲವತ್ತೆಂಟು ವರ್ಷದ ನಾನು ಹಾದಿಯುದ್ದಕ್ಕೂ "ಆಮೇಲೆ? ಆಮೇಲೆ?" ಎನ್ನುತ್ತಿದ್ದೆ. ಒಂದು ಸಲ ತಿರುವು ತಪ್ಪಿಸಿಕೊಂಡು ಬೇರೆಲ್ಲೋ ಹೋದೆವು. ಇಬ್ಬರಿಗೂ ಬೇಸರವಾಗಲಿಲ್ಲ.

ಅಮ್ಮ ನಮ್ಮ ಮನೆಗೆ ಬಂದು ಏಳೆಂಟು ವರ್ಷ ಆಗಿತ್ತು. ಒಂದೇ ಸೂರಿನಡಿ ಇದ್ದೆವು. ಆದರೆ ನಾವಿಬ್ಬರೇ, ದಿನಕ್ಕೆ ಎರಡು ಸಲ, ಬೇರೆ ಯಾವ ಕೆಲಸವೂ ಕೈಯಲ್ಲಿ ಇಲ್ಲದೆ ಪಕ್ಕಪಕ್ಕ ಕೂತದ್ದು ಆ ವಾರವೇ. ರಸ್ತೆಯ ಬದಿಯ ಮೇಪಲ್ ಮರಗಳೆಲ್ಲ ಕೆಂಪಾಗಿದ್ದವು. ಈಗಲೂ ಆ ರಸ್ತೆಯಲ್ಲಿ ಹೋದರೆ ಅವಳ ಮಾತು ಕೇಳಿಸಲೆಂದು ಬಲಗೈ ತಾನಾಗಿ ರೇಡಿಯೋ ಬಂದ್ ಮಾಡಲು ಹೋಗುತ್ತದೆ ಎಂದು ಬರೆಯುವ ಆಸೆಯಾಗುತ್ತದೆ, ಆದರೆ ಅದು ಸುಳ್ಳು. ಈಗ ರೇಡಿಯೋ ಹಾಕಿಕೊಂಡೇ ಹೋಗುತ್ತೇನೆ. ಅವಳ ಸೀಟು ಖಾಲಿ ಇರುವುದು ಮಾತ್ರ ಕಾಣುತ್ತದೆ.

ಮೂರನೆಯ ದಿನ ಬೆಳಿಗ್ಗೆ ಅವಳು ಏನೋ ನೆನೆಸಿಕೊಂಡು ಹೇಳಿದಳು. "ಮೊದಲ ದಿನ ಆರಿಸುವಾಗ ಒಬ್ಬೊಬ್ಬರೇ ಎದ್ದು ನಿಂತು ನೆಪ ಹೇಳಿ ಹೋದರು ಮಗಳೇ. ಕೆಲವರದ್ದು ನಿಜವಾದ ತೊಂದರೆ, ಗೊತ್ತಾಗ್ತದೆ. ಕೆಲವರದ್ದು ಸುಳ್ಳು, ಅದೂ ಗೊತ್ತಾಗ್ತದೆ. ಧ್ವನಿಯಲ್ಲೇ ಗೊತ್ತಾಗ್ತದೆ."

ಕೆಂಪು ದೀಪ ಹಸಿರಾದದ್ದು ನನಗೆ ಕಾಣಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಮಾಡಿದ.

ನಾಲ್ಕನೆಯ ದಿನ ಮೂರು ಗಂಟೆಗೇ ಮುಗಿಯಿತು. ನಾನು ಹೋದಾಗ ಅಮ್ಮ ಮೆಟ್ಟಿಲ ಮೇಲೆ ಇನ್ನೂ ಐದು ಜನರ ಜೊತೆ ನಿಂತಿದ್ದಳು. ಟೈ ಕಟ್ಟಿದ ಒಬ್ಬ ಯುವಕ, ಬಣ್ಣ ಮೆತ್ತಿದ ಪ್ಯಾಂಟಿನ ಒಬ್ಬ ಎತ್ತರದ ಮನುಷ್ಯ, ಅಮ್ಮನ ವಯಸ್ಸಿನ ಒಬ್ಬ ಕರಿಯ ಹೆಂಗಸು, ಮತ್ತಿಬ್ಬರು. ಎತ್ತರದವನು ಬಗ್ಗಿ ಅಮ್ಮನ ಕೈ ಕುಲುಕಿದ. ಆ ಹೆಂಗಸು ಖಾಲಿ ಸ್ಟೀಲ್ ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟು ಏನೋ ಹೇಳಿ ನಕ್ಕಳು. ಯಾರೂ ಯಾರ ನಂಬರನ್ನೂ ತೆಗೆದುಕೊಂಡಂತೆ ಕಾಣಲಿಲ್ಲ.

ಕಾರಿನಲ್ಲಿ ಅಮ್ಮ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಆಗ ನಾನು ಹೇಳಿದೆ. ಪೊಲೀಸರ ಪ್ರಶ್ನೆಗೆ ಎದ್ದು ನಿಂತದ್ದು, ಎರಡು ಗಂಟೆಯ ಮೀಟಿಂಗು, ಬಿಳಿ ಶರ್ಟಿನವನು, ಎಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣು ತೆರೆದಳು.

"ನಿನಗೆ ನಾಲ್ಕು ವರ್ಷ ಆಗ," ಎಂದು ಶುರು ಮಾಡಿದಳು. "ನೀನು ಜ್ವರ ಬಂದು ಮಲಗಿದ್ದೆ. ನನಗೆ ಆರಕ್ಕೆ ಡ್ಯೂಟಿ ಮುಗಿಯುವುದು, ಆರೂ ಹತ್ತಕ್ಕೆ ಬಸ್ಸು. ಒಬ್ಬರು ಮಧ್ಯಾಹ್ನದಿಂದ ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ತಾ ಇದ್ರು. ಆಗೆಲ್ಲ ಗಂಟೆಗಟ್ಟಲೆ ಕಾಯಬೇಕಿತ್ತಲ್ಲ. ಆರಕ್ಕೆ ಎರಡು ನಿಮಿಷ ಇದ್ದಾಗ ಲೈನ್ ಸಿಕ್ಕಿತು. ಕೊಟ್ಟಿದ್ರೆ ಮಾತು ಮುಗಿಯುವವರೆಗೆ ನಾನು ಕೂರಬೇಕು, ಬಸ್ಸು ಹೋಗ್ತದೆ. ಲೈನ್ ಸಿಗಲಿಲ್ಲ ಅಂತ ಹೇಳಿ ಅವರ ಚೀಟಿಯನ್ನು ಮುಂದಿನವಳಿಗೆ ಇಟ್ಟು ಬಂದೆ. ಅವಳು ಅರ್ಧ ಗಂಟೆ ತಡವಾಗಿ ಬಂದ್ಲಂತೆ. ಆಮೇಲೆ ಲೈನ್ ಸಿಗ್ಲೇ ಇಲ್ಲವಂತೆ."

"ಅವರಿಗೆ ಏನಾಯ್ತು?"

"ಗೊತ್ತಿಲ್ಲ. ಒಳ್ಳೆ ಸುದ್ದಿಯೋ, ಕೆಟ್ಟದ್ದೋ, ಸುಮ್ಮನೆ ಮಾತಾಡ್ಲಿಕ್ಕೋ. ಯಾರನ್ನು ಕೇಳುವುದು?" ಅಮ್ಮ ಸೀರೆಯ ಸೆರಗನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಮನೆಗೆ ಬಂದಾಗ ನಿನ್ನ ಜ್ವರ ಇಳಿದು ನೀನು ಆಡ್ತಾ ಇದ್ದೆ. ನಾನು ಮಾಡಿದ್ದು ದೊಡ್ಡ ತಪ್ಪು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಆದರೆ ಮರೆಯುವುದೂ ಇಲ್ಲ. ನಿನಗೂ ಆ ಬಿಳಿ ಶರ್ಟಿನವ ಹಾಗೇ. ಇರ್ಲಿ ಬಿಡು. ಮುಂದಿನ ಸಲ ಕರೆದ್ರೆ ಹೋಗು."

ಅಷ್ಟೇ. ಉಪದೇಶವೆಂದರೆ ಆ ಒಂದು ಮಾತು.

ಆ ರಾತ್ರಿ ಮೊಮ್ಮಗಳು ಮತ್ತೆ ಕೇಳಿದಳು. ಕೇಸು ಮುಗಿದಿದ್ದರಿಂದ ಈಗ ಹೇಳಲು ಅಡ್ಡಿಯಿರಲಿಲ್ಲ.

"ಮರ್ಡರ್ ಅಲ್ಲ ಮಗಾ. ಮರದ್ದು. ಒಬ್ಬರ ಮರ ಪಕ್ಕದವರ ಮನೆ ಮೇಲೆ ಬಿದ್ದದ್ದು."

"ಎ ಟ್ರೀ? ಫೋರ್ ಡೇಸ್ ಫಾರ್ ಎ ಟ್ರೀ?"

"ಮನೆ ಅವರದ್ದಲ್ಲವಾ? ಅವರಿಗೆ ಅದು ದೊಡ್ಡದೇ."

ಯಾರು ಗೆದ್ದರು ಎಂದು ಹೇಳಿದಳು: ಮನೆಯವರು. ಮರ ಒಣಗಿದ್ದು ಮರದ ಯಜಮಾನನಿಗೆ ಮೊದಲೇ ಗೊತ್ತಿತ್ತಂತೆ. ಒಳಗಿನ ಕೋಣೆಯಲ್ಲಿ ಆರು ಜನ ಏನೇನು ಮಾತಾಡಿಕೊಂಡರು, ಯಾರು ಮೊದಲು ಏನಂದರು ಎನ್ನುವುದನ್ನು ನಾವು ಎಷ್ಟು ಗೋಗರೆದರೂ ಹೇಳಲಿಲ್ಲ.

ಮುಂದಿನ ವರ್ಷದ ವಸಂತದಲ್ಲಿ ನನಗೆ ಕರೆ ಬಂದಾಗ ಹೋದೆ. ನೂರಾರು ಕುರ್ಚಿಗಳ ಹಾಲಿನಲ್ಲಿ ಪುಸ್ತಕ ಓದುತ್ತ ಕೂತೆ. ಬಂದವರಿಗಿಂತ ಬಾರದವರೇ ಹೆಚ್ಚೇನೋ ಅನ್ನಿಸುವಷ್ಟು ಕುರ್ಚಿಗಳು ಖಾಲಿ ಇದ್ದವು. ನನ್ನ ನಂಬರು ಕೂಗಲೇ ಇಲ್ಲ. ಎರಡೂವರೆಗೆ ಎಲ್ಲರಿಗೂ ವಂದನೆ ಹೇಳಿ ಕಳಿಸಿದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಅಮ್ಮನಿಗೆ ನಮ್ಮ ಮನೆಯ ಮೆಟ್ಟಿಲು ಹತ್ತುವುದು ಕಷ್ಟವಾಗತೊಡಗಿತು. ಮೇರಿಲ್ಯಾಂಡಿನ ಚಳಿಯೂ ಆಗುತ್ತಿರಲಿಲ್ಲ. ಹಾಗಾಗಿ ಅವಳೀಗ ದಕ್ಷಿಣದ ಬೆಚ್ಚನೆಯ ಊರು ಫೋರ್ಟ್ ಮಿಲ್‌ನಲ್ಲಿರುವ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಅಲ್ಲಿ ಎಲ್ಲ ಕೋಣೆಗಳೂ ಒಂದೇ ನೆಲದಲ್ಲಿವೆ, ಹಿತ್ತಲಲ್ಲಿ ಬಸಳೆ ಹಬ್ಬಿಸಿದ್ದಾಳೆ. ಇತ್ತೀಚೆಗೆ ಫೋನಿನಲ್ಲಿ ನನ್ನ ಮಾತು ಅವಳಿಗೆ ಅರ್ಧ ಕೇಳುತ್ತದೆ, ಇನ್ನರ್ಧವನ್ನು ಅವಳೇ ಊಹಿಸಿಕೊಳ್ಳುತ್ತಾಳೆ.

ಹೋದ ತಿಂಗಳು ಅಲ್ಲಿಯ ಕೋರ್ಟಿನಿಂದ ಅವಳಿಗೆ ಕಾಗದ ಬಂತಂತೆ. ನನ್ನ ತಮ್ಮ ಅವಳ ವಯಸ್ಸಿನ ಕಾರಣ ಕೊಟ್ಟು ಬಾಕ್ಸಿಗೆ ಟಿಕ್ ಮಾಡಿ ಸಹಿಗೆಂದು ಅವಳ ಮುಂದೆ ಹಿಡಿದನಂತೆ. ಜಗಳ ಆಗಿರಬೇಕು ಎಂದುಕೊಂಡು ಅಮ್ಮನಿಗೆ ಫೋನ್ ಮಾಡಿದೆ.

"ಸೈನ್ ಮಾಡಿ ಕೊಟ್ಟೆ," ಎಂದಳು.

"ನೀನಾ? ಯಾಕಮ್ಮ?"

"ಈಗ ನನಗೆ ಹೆಡ್‌ಸೆಟ್ ಹಾಕಿದ್ರೂ ಸರಿಯಾಗಿ ಕೇಳುವುದಿಲ್ಲ. ಅರ್ಧ ಕೇಳಿ ಇನ್ನೊಬ್ಬರ ವಿಷಯ ತೀರ್ಮಾನ ಮಾಡ್ಬಾರ್ದು." ಹಿಂದೆಯೇ ಕೇಳಿದಳು, "ಅಲ್ಲಿ ಮರಗಳು ಕೆಂಪಾದವಾ?"

"ಶುರುವಾಗಿದೆ," ಎಂದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಜೋರಾಗಿ ಹೇಳಿದೆ.