ಸುಣ್ಣದ ಕೆಳಗಿನ ಹನ್ನೆರಡು ಪದ

"ಅಮ್ಮಾ, ದುರುಗೇಶ್ ಮಾಮ ಯಾಕೆ ದಿನಾ ಗೋಡೆ ಕೆರೀತಾನೆ? ಅದ್ರೊಳಗೆ ಏನೈತೆ?"

ಐದು ವರ್ಷದ ಪ್ರೀತಿ ಹೀಗೆ ಕೇಳಿದಾಗ ನಾಗಶ್ರೀ ಅವಳಿಗೆ ಜಡೆ ಹಾಕುತ್ತಿದ್ದಳು. ರಾಮಗಿರಿಯ ಆ ಎರಡು ಮನೆಗಳಿಗೂ ನಡುವೆ ಇರುವುದು ಒಂದೇ ಗೋಡೆ. ಪಕ್ಕದ ಮನೆಯಿಂದ ಕರಕರ ಸದ್ದು ಬೆಳಗಿನಿಂದಲೂ ಬರುತ್ತಿತ್ತು.

"ಸುಣ್ಣ ಕೆರೀತಾನೆ ಕಣೆ. ನೆಟ್ಟಗೆ ಕುಂತ್ಕ."

ಅವಳು ಜಡೆಯ ತುದಿಗೆ ರಿಬ್ಬನ್ ಬಿಗಿದಳು. ಗೋಡೆಯೊಳಗೆ ಏನಿದೆಯೆಂದು ನಾಗಶ್ರೀಗೆ ಗೊತ್ತಿತ್ತು.

ದುರುಗೇಶ ಕುರಿ ಕಾಯುವ ತಿಪ್ಪಯ್ಯನ ಒಬ್ಬನೇ ಮಗ. ಹೊಳಲ್ಕೆರೆಯ ಸ್ಟುಡಿಯೋ ಒಂದರಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದವನಿಗೆ ನಕ್ಷತ್ರಗಳ ಹುಚ್ಚು ಹತ್ತಿತು. ಅಪ್ಪನನ್ನು ಕಾಡಿ ಬೇಡಿ, ಮನೆಯ ಮೂವತ್ತು ಕುರಿಗಳನ್ನೂ ಮಾರಿಸಿ ದೊಡ್ಡ ಕ್ಯಾಮೆರಾ ಕೊಂಡ. ಅಮಾವಾಸ್ಯೆ ಬಂತೆಂದರೆ ರಾಮಗಿರಿ ಗುಡ್ಡ ಹತ್ತುತ್ತಿದ್ದ. ದೂರದ ಗುಡ್ಡಸಾಲಿನ ಗಾಳಿಯಂತ್ರಗಳ ಕೆಂಪು ದೀಪಗಳು ಚಿತ್ರ ಕೆಡಿಸುತ್ತವೆಂದು, ಅವು ಕಾಣದಂಥ ಬಂಡೆಯ ಸಂದಿಯೊಂದನ್ನು ಹುಡುಕಿಕೊಂಡಿದ್ದ. ಹಾಗೆ ತೆಗೆದ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಡಿಜಿಟಲ್ ಸಂಗ್ರಹವೆಂದು ಮಾರಾಟಕ್ಕಿಟ್ಟ.

"ಚಿತ್ರ ಯಾರು ಬೇಕಾದ್ರೂ ನೋಡ್ಬೋದು ಅಕ್ಕ. ಆದ್ರೆ ಪಹಣಿ ಇದ್ದಂಗೆ, ಕೊಂಡೋರ ಹೆಸರಿಗೇ ಇರ್ತೈತೆ" ಎಂದು ನಾಗಶ್ರೀಗೆ ಬಿಡಿಸಿ ಹೇಳಿದ್ದ.

ತಿಪ್ಪಯ್ಯ ನಕ್ಕುಬಿಟ್ಟಿದ್ದ. "ಚುಕ್ಕಿ ಮಾರ್ತೀಯೇನಲೇ? ಕೊಂಡೋನು ಹೆಂಗಪ್ಪ ಹೊಡ್ಕಂಡು ಹೋಗ್ತಾನೆ?"

ಎರಡು ವರ್ಷ ಯಾರೂ ಕೊಳ್ಳಲಿಲ್ಲ. ಅರವತ್ತು ದಾಟಿದ ತಿಪ್ಪಯ್ಯ ಐಮಂಗಲದ ಕಡೆ ಯಾರದೋ ಹಿಂಡಿಗೆ ಕೂಲಿ ಕುರುಬನಾಗಿ ಹೋದ. ಕಳೆದ ಸಂಕ್ರಾಂತಿಯ ಹೊತ್ತಿಗೆ ಯಾವುದೋ ದೇಶದ ಯಾರೋ ಒಂದು ಚಿತ್ರ ಕೊಂಡರು. ಹೋದ ಕುರಿಯೆಲ್ಲ ಮನೆಗೆ ಬರುವಷ್ಟು ಹಣ ಫೋನಿನೊಳಗಿನ ಡಿಜಿಟಲ್ ಚೀಲಕ್ಕೆ ಬಿತ್ತು.

"ಅಪ್ಪಂಗೆ ಈಗ್ಲೇ ಹೇಳಬ್ಯಾಡ್ರಿ ಅಕ್ಕ. ಇನ್ನೊಂದು ಹೋಗ್ಲಿ, ಎಲ್ಡೂ ಸೇರ್ಸಿ ತೆಗ್ದು ಕುರಿ ಹೊಡ್ಕಂಡೇ ಬರ್ತೀನಿ" ಎಂದಿದ್ದ.

ಆ ಚೀಲಕ್ಕೆ ಬೀಗದ ಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದ. ಫೋನ್ ಹಾಳಾದರೆ, ಹೊಸ ಫೋನಿನಲ್ಲಿ ಅವನ್ನು ಸಾಲಾಗಿ ಬರೆದರೆ ಮಾತ್ರ ಚೀಲ ತೆರೆಯುತ್ತದೆ. ಮರೆತರೆ ಅರ್ಜಿ ಕೊಡಲು ಯಾವ ಆಫೀಸೂ ಇಲ್ಲ. ಫೋನಲ್ಲಿ ಬರೆದಿಟ್ಟರೆ ಕಳ್ಳರ ಭಯ, ಕಾಗದದಲ್ಲಿಟ್ಟರೆ ಊರಿಗೆ ಬಂದ ಅಪ್ಪ ಅದರಲ್ಲೇ ಬೀಡಿ ಹಚ್ಚಿಯಾನು. ದುರುಗೇಶ ಯೋಚಿಸಿ ಯೋಚಿಸಿ ಗೋಡೆ ಆರಿಸಿದ.

ಅವರ ನಡುಮನೆಯ ಬಾಗಿಲ ಪಕ್ಕ ಮಾರುದ್ದದ ಒಂದು ಜಾಗ. ಯಾವ ಕುರಿ ಎಂದು ಈಯಿತು, ಮರಿ ಎಷ್ಟು ಉಳಿದವು, ಎಲ್ಲ ಇದ್ದಿಲಲ್ಲಿ ಬರೆದ ಗೀಟುಗಳು. ಯುಗಾದಿಗೆ ಸುಣ್ಣ ಬಳಿಯುವಾಗ ತಾಯಿ ಬರಗೇರಮ್ಮ ಆ ಜಾಗವನ್ನು ಸುತ್ತುಹಾಕಿ ಬಳಿಯುತ್ತಿದ್ದಳು. ಅತ್ತೆಯ ಕಾಲದಿಂದಲೂ ಹಾಗೆಯೇ. ಬ್ಯಾಂಕಿನ ಲಾಕರಿಗಿಂತ ಇದೇ ಭದ್ರವೆಂದುಕೊಂಡು ದುರುಗೇಶ ಗೀಟುಗಳ ಕೆಳಗೆ ಇದ್ದಿಲಲ್ಲೇ ಹನ್ನೆರಡು ಪದ ಬರೆದ.

ಈ ಯುಗಾದಿಗೆ ಓದು ಬಾರದ ಬರಗೇರಮ್ಮ ಕುಂಚ ಹಿಡಿದು ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಕುರಿಯೇ ಇಲ್ಲದ ಮೇಲೆ ಗೀಟು ಯಾಕೆ? ಊರಿಗೆ ಬಂದಾಗಲೆಲ್ಲ ಗಂಡ ಅದನ್ನೇ ನೋಡುತ್ತ ಅರ್ಧ ಊಟಕ್ಕೆ ಏಳುತ್ತಿದ್ದ. ಎರಡು ಸಲ ಸುಣ್ಣ ಎಳೆದುಬಿಟ್ಟಳು.

ಹೊಸ ಸುಣ್ಣವನ್ನು ಮಗ ತಿರುಗಿ ನೋಡಲೂ ಇಲ್ಲ. ಎಂಟೇ ದಿನಕ್ಕೆ ಗುಡ್ಡದ ಮೇಲೆ ಫೋನ್ ಕೈಜಾರಿ ಬಂಡೆಗೆ ಬಿತ್ತು. ರಿಪೇರಿಯವನು ಇದು ಆಗುವುದಿಲ್ಲವೆಂದು ತಲೆಯಾಡಿಸಿದ. ಪದಗಳು ಗೋಡೆಯ ಮೇಲಿವೆಯೆಂದು ದುರುಗೇಶ ಧೈರ್ಯವಾಗಿಯೇ ಮನೆಗೆ ಬಂದ. ಅಂದು ಮೊಸರು ಕೊಡಲು ಹೋಗಿದ್ದ ನಾಗಶ್ರೀ ಕಂಡಳು: ಅವನು ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಗೋಡೆಯ ಮೇಲೆ ಅಂಗೈ ಇಟ್ಟು ನಿಂತಿದ್ದ.

ಆಮೇಲೆ ಶುರುವಾಯಿತು ಒದ್ದೆ ಬಟ್ಟೆ, ಬ್ಲೇಡು, ಚಮಚ. ಸುಣ್ಣ ಎದ್ದ ಕಡೆ ಇದ್ದಿಲೂ ಎದ್ದು ಬರುತ್ತಿತ್ತು. 'ರಿವರ್' ಸಿಕ್ಕಿತು, 'ಲ್ಯಾಡರ್' ಸಿಕ್ಕಿತು, 'ಒನಿಯನ್' ಸಿಕ್ಕಿದ ದಿನ ಹುಚ್ಚನಂತೆ ನಕ್ಕ. "ಅಕ್ಕ, ಇಲ್ಲಿ ನೋಡ್ರಿ, ಇದು ಪಿ ನೋ ಬಿ ನೋ?" ಎಂದು ಕರೆಯುತ್ತಿದ್ದ. ಎಷ್ಟು ಬಗ್ಗಿ ನೋಡಿದರೂ ಅವಳಿಗೆ ಬರೀ ಬಿಳುಪು ಕಾಣುತ್ತಿತ್ತು.

ಇವತ್ತು ಮಧ್ಯಾಹ್ನ ಸದ್ದು ನಿಂತಿತು. ರೆಪ್ಪೆಯ ಮೇಲೆಲ್ಲ ಸುಣ್ಣ ಮೆತ್ತಿಕೊಂಡು ದುರುಗೇಶ ಇವರ ಜಗಲಿಗೆ ಬಂದು ಕುಂತ. ನಾಗಶ್ರೀ ಟೀ ಕೊಟ್ಟಳು.

"ಎಷ್ಟು ಸಿಕ್ತು?"

"ಏಳು. ಉಳಿದಿದ್ದು ಇನ್ನಿಲ್ಲ ಅಕ್ಕ, ಗೋಡೆ ಮಣ್ಣು ಬಂತು."

"ಬೇರೆ ದಾರಿ?"

"ಇಲ್ಲ. ದುಡ್ಡು ಅಲ್ಲೇ ಐತೆ, ಇಂಟರ್ನೆಟ್ಟಲ್ಲಿ ಕಣ್ಣಿಗೆ ಕಾಣ್ತೈತೆ. ಕೈಗೆ ಬರಲ್ಲ."

"ಕ್ಯಾಮೆರಾ ಮಾರಿದ್ರೆ ಹತ್ತು ಕುರಿನಾದ್ರೂ ಬರಲ್ವೇನಪ್ಪ?"

"ಕೇಳ್ಕಂಡು ಬಂದೆ. ನಾಲ್ಕು ಬರ್ತಾವಂತೆ." ಟೀ ಲೋಟದ ಅಂಚಿಗೆ ಮೆತ್ತಿದ ಸುಣ್ಣವನ್ನು ಹೆಬ್ಬೆರಳಲ್ಲಿ ಒರೆಸಿದ. "ಅಪ್ಪಂಗೆ ನಾಲ್ಕು ಕುರಿ ತೋರ್ಸಿ, ಮನೆಗೆ ಬಾ ಅನ್ಲೇನು?"

ಅಷ್ಟರಲ್ಲಿ ಪಕ್ಕದ ಮನೆಯೊಳಗಿಂದ, ದಿನಾ ಬೈಯುತ್ತಿದ್ದ ಬರಗೇರಮ್ಮನ ದನಿ ಇವತ್ತೂ ಬಂತು. "ಲೇ ದುರುಗ, ಗೋಡೆನೆಲ್ಲ ಕಿತ್ತಾಕಿದ್ಯಲ್ಲೋ! ಸೊಂಟ ಮುರ್ಕಂಡು ಬಳ್ದಿದ್ದೆ, ಏನು ಕಮ್ಮಿ ಆಗಿತ್ತೋ ನಿಂಗೆ?"

ದುರುಗೇಶ ಲೋಟ ಕೆಳಗಿಟ್ಟು ದನಿ ತಗ್ಗಿಸಿದ.

"ಅಕ್ಕ, ಅವ್ವ ನಿಮ್ಮನ್ನೂ ಕೇಳ್ತಾಳೆ. ಗೋಡೆ ತೇವ ಹಿಡ್ದಿತ್ತಂತೆ, ಅದಕ್ಕೇ ಕೆರ್ದ ಅಂತ ಹೇಳ್ರಿ. ಅವಳ ಕೈಯಿಂದ ಹಿಂಗಾತು ಅಂತ ಅವಳಿಗೆ ಯಾವತ್ತೂ ಗೊತ್ತಾಗಬಾರ್ದು."