ದೊರೆ ಕಟ್ಟಿದ ಕತ್ತುಪಟ್ಟಿ

ನನಗೆ ನಾಯಿ ಅಂದರೆ ಪ್ರಾಣ ಅಂತ ಯಾರೂ ತಿಳಿಯಬೇಡಿ. ನಾನು ಹುಟ್ಟಿದ ಊರಲ್ಲಿ ನಾಯಿ ಅಂದರೆ ಜಗಲಿ ಕೆಳಗೆ ಬಿದ್ದಿರುವ ಪ್ರಾಣಿ. ಅಂಬಲಿ ಸುರಿದರೆ ಕುಡಿಯುತ್ತೆ, ಗದರಿದರೆ ಎದ್ದು ಹೋಗುತ್ತೆ. ಅದನ್ನ ಎತ್ತಿ ಮುದ್ದಾಡಿದವರನ್ನ ನಾನು ಕಂಡಿರಲಿಲ್ಲ. ಕಟ್ಟಿಹಾಕಿ ಉಪವಾಸ ಕೆಡವಿದವರನ್ನೂ ಕಂಡಿರಲಿಲ್ಲ. ಅದನ್ನ ನೋಡೋದಕ್ಕೆ ಮೈಸೂರಿಗೇ ಬರಬೇಕಾಯಿತು.

ಸ್ವಾತಂತ್ರ್ಯ ಬಂದು ಎರಡು ವರ್ಷ ಆಗಿತ್ತೇನೋ. ನಮ್ಮನೆಯವರಿಗೆ ಒಂದು ಸರ್ಕಾರಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತೆ ಕೆಲಸ. ಅವರ ವಂಶದಲ್ಲಿ ನೇಗಿಲು ಬಿಟ್ಟು ಲೇಖನಿ ಹಿಡಿದವರು ಅವರೇ ಮೊದಲು. ಅವರು, ನಾನು, ನಮ್ಮತ್ತೆ, ಮೂವರೂ ಕೃಷ್ಣಮೂರ್ತಿಪುರಂನ ಒಂದು ಹೆಂಚಿನ ಮನೆಗೆ ಬಾಡಿಗೆಗೆ ಬಂದೆವು. ಮನೆ ಕೊಡಿಸಿದವರು ಪಕ್ಕದ ಮನೆಯ ಶಿರಸ್ತೇದಾರರು. ಕಚೇರಿಯಲ್ಲಿ ನಮ್ಮನೆಯವರಿಗೆ ಮೇಲಿನವರೂ ಅವರೇ. ಹಂಗಾಮಿಯವನನ್ನ ಕಾಯಂ ಮಾಡಬಹುದು ಅಂತ ನಾಲ್ಕು ಸಾಲು ಬರೆಯಬೇಕಾದದ್ದೂ ಅವರದೇ ಕೈ. ಹಾಗಾಗಿ ಅವರು ಕೆಮ್ಮಿದರೆ ನಮ್ಮ ಮನೆಯಲ್ಲಿ ಎದ್ದು ನಿಲ್ಲುತ್ತಿದ್ದೆವು.

ಕೆಟ್ಟವರು ಅನ್ನಲಾರೆ. ಬೆಳಗ್ಗೆ ಎದ್ದರೆ ಸ್ತೋತ್ರ, ಸಂಜೆಯಾದರೆ ಪುಸ್ತಕ. ನಮ್ಮತ್ತೆಗೆ ಜ್ವರ ಬಂದಾಗ ತಾವೇ ಡಾಕ್ಟರನ್ನ ಕರೆದುಕೊಂಡು ಬಂದವರು. ಆದರೆ ಅವರ ಹಿತ್ತಲಲ್ಲಿ ಎರಡು ನಾಯಿಗಳಿದ್ದವು. ಯಾವನೋ ಇಂಗ್ಲಿಷ್ ದೊರೆ ಊರು ಬಿಟ್ಟು ತನ್ನ ಸೀಮೆಗೆ ಹೊರಟಾಗ ಎರಡು ಮರಿಗಳಿಗೆ ತಾನೇ ಕತ್ತುಪಟ್ಟಿ ಕಟ್ಟಿ, ಇವರ ಕೈಗೆ ಕೊಟ್ಟು ಹೋದನಂತೆ. ಪಟ್ಟಿಯ ಮೇಲೆ ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ದೊರೆಯ ಹೆಸರು. ಮನೆಗೆ ದೊಡ್ಡವರು ಯಾರೇ ಬರಲಿ, ಶಿರಸ್ತೇದಾರರು ಹಿತ್ತಲ ಬಾಗಿಲಲ್ಲಿ ನಿಂತು, "ನೋಡಿ, ದೊರೆಗಳು ಸ್ವಂತ ಕೈಯಾರೆ ಕಟ್ಟಿದ್ದು" ಅಂತ ತೋರಿಸುತ್ತಿದ್ದರು. ಬೇಡ ಅನ್ನೋದಕ್ಕೆ ಬಾಯಿ ಬರದೆ ತಂದುಕೊಂಡ ನಾಯಿಗಳು ಅವು. ಮಡಿಯ ಮನೆ. ಬಾವಿಯ ಹತ್ತಿರ ಬರಕೂಡದು, ಬಚ್ಚಲ ಹತ್ತಿರ ಸುಳಿಯಕೂಡದು, ಮನೆಯವರು ಮುಟ್ಟಕೂಡದು. ಹಾಗಾಗಿ ಸೌದೆ ಕೊಟ್ಟಿಗೆಯ ಪಕ್ಕದ ಎರಡು ಗೂಟಕ್ಕೆ ಬಿಗಿದಿದ್ದರು. ಉಂಡ ಎಲೆಯಲ್ಲಿ ಉಳಿದಿದ್ದನ್ನ ದೂರದಿಂದಲೇ ಎಸೆಯುತ್ತಿದ್ದರು. ಎಲೆಯಲ್ಲಿ ಏನೂ ಉಳಿಯದ ದಿನ ಅವಕ್ಕೆ ಏಕಾದಶಿ. ಹೊಟ್ಟೆ ತುಂಬಿದ ನಾಯಿ ಬೊಗಳೋದಿಲ್ಲ ಅನ್ನೋ ಮಾತು ಬೇರೆ ಸೇರಿಕೊಂಡಿತ್ತು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾಯ್ತು" ಅಂದರು ನಮ್ಮತ್ತೆ, ಬಿಲ್ಲೆ ನೋಡಿದ ದಿನ.

ಮೊದಲ ಬೇಸಗೆಯಲ್ಲಿ ಗಂಡು ನಾಯಿ ಸತ್ತಿತು. ಸತ್ತು ಎರಡು ದಿನ ಸರಪಳಿಯಲ್ಲೇ ಬಿದ್ದಿತ್ತು, ಮುಟ್ಟುವವರಿಲ್ಲದೆ. ಹೆಣ್ಣು ನಾಯಿ ಅದರ ಕಡೆಗೇ ಮುಖ ಮಾಡಿ ಮಲಗಿತ್ತು. ಗೋಡೆಯಾಚೆಯಿಂದ ನೊಣದ ಸದ್ದು ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಅವತ್ತು ನನ್ನ ಪಾಲಿನ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಆಮೇಲೆ ಶುರು ಮಾಡಿದೆ ನನ್ನ ಕಳ್ಳ ಕೆಲಸ. ಮನೆಗಳ ಬೆನ್ನಿಗೆ ಜಾಡಮಾಲಿಗಳು ಓಡಾಡುವ ಗಲ್ಲಿ ಇತ್ತಲ್ಲ, ಮಧ್ಯಾಹ್ನ ಎರಡು ಗಂಟೆಗೆ ಆ ಮನೆಯ ಅಮ್ಮನವರು ಉಂಡು ಮಲಗಿದ ಮೇಲೆ, ಆ ಗಲ್ಲಿಯಿಂದ ಹೋಗಿ ಅವರ ಹಿತ್ತಲ ಬಾಗಿಲು ತಳ್ಳುವುದು. ಒಂದು ಚೊಂಬು ಅಂಬಲಿ ಮಡಕೆ ಚೂರಿಗೆ ಸುರಿಯುವುದು, ನಾಯಿ ನೆಕ್ಕಿ ಮುಗಿಸುವವರೆಗೆ ಎದೆ ಹಿಡಿದುಕೊಂಡು ನಿಲ್ಲುವುದು, ವಾಪಸ್ಸು ಬರುವುದು. ವಾರದಲ್ಲೇ ಅತ್ತೆಯ ಕಣ್ಣಿಗೆ ಬಿದ್ದೆ. ಈಗ ಬಂತು ಮಾರಿಹಬ್ಬ ಅಂದುಕೊಂಡೆ. ಅವರು ಚೊಂಬಿಗೆ ಇಣುಕಿ, "ಬರೀ ನೀರು ಕೊಟ್ಟೀಯ? ಬಾಣಂತಿಗೆ ಕೊಟ್ಟಂಗೆ ಕೊಡಬೇಡ ಬುಡು, ಆದ್ರೆ ಒಂದು ತುತ್ತು ಮುದ್ದೆ ಕಿವುಚಾಕು" ಅಂದರು.

ನಮ್ಮನೆಯವರಿಗೆ ಗೊತ್ತಾದಾಗ ಮಾತ್ರ ರಂಪವಾಯಿತು. "ನಿನಗೇನಾದರೂ ಬುದ್ಧಿ ಇದೆಯೇನೇ? ಅವರ ನಾಯಿಗೆ ಅವರು ಅನ್ನ ಹಾಕಲ್ಲ ಅಂತ ಬೀದಿಗೆಲ್ಲ ಸಾರಿದ ಹಾಗಾಗುತ್ತೆ. ನಾನು ಕಾಯಂ ಆಗೋದು ಬೇಡವಾ?" ಆಯ್ತು ಅಂದೆ. ಮಾರನೇ ದಿನ ಎರಡು ಗಂಟೆಗೆ ಮತ್ತೆ ಹೋದೆ.

ಹತ್ತಿರ ಹೋಗಿ ಹೋಗಿಯೇ ನನಗೆ ಆ ಕತ್ತು ಕಂಡಿದ್ದು. ಮರಿಗೆ ಕಟ್ಟಿದ ಪಟ್ಟಿ, ನಾಯಿ ಬೆಳೆದರೂ ಅದು ಅಷ್ಟೇ. ಬೆಳೆಯೋದಕ್ಕೆ ಪಟ್ಟಿಗೇನು ಜೀವ ಇದೆಯೆ? ಕೊಕ್ಕೆ ತುಕ್ಕು ಹಿಡಿದು ಹೂತುಹೋಗಿತ್ತು. ಸುತ್ತ ಮಾಂಸ ಬಾತು, ಒಂದು ಕಡೆ ಚರ್ಮ ಪಟ್ಟಿಯ ಮೇಲೇ ಬೆಳೆಯಲು ಹವಣಿಸುತ್ತಿತ್ತು. ಅಂಬಲಿ ನುಂಗುವಾಗ ಪ್ರತಿ ಗುಟುಕಿಗೂ ತಲೆ ಮೇಲೆತ್ತುತ್ತಿತ್ತು, ಪಾಪ. ಧೈರ್ಯ ಮಾಡಿ ಒಂದು ಸಂಜೆ ಶಿರಸ್ತೇದಾರರ ಜಗಲಿಯ ಕೆಳಗೆ ನಿಂತು, "ನಾಯಿ ಪಟ್ಟಿ ಬಿಗಿಯಾಗಿದೆ ಅನ್ನಿಸುತ್ತೆ, ಸ್ವಲ್ಪ ಸಡಿಲ ಮಾಡಿಸಿದರೆ…" ಅಂದೆ.

ಅವರು ಪುಸ್ತಕದಿಂದ ಕಣ್ಣೆತ್ತಿ ನಕ್ಕರು. "ಅದು ದೊರೆಗಳು ಕಟ್ಟಿದ್ದಮ್ಮ. ಬಿಚ್ಚೋ ಅಧಿಕಾರ ನನಗೂ ಇಲ್ಲ."

ತಮಾಷೆಗೆ ಅಂದದ್ದೋ ನಿಜವಾಗಿ ಅಂದದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಎರಡನೇ ಬೇಸಗೆ ಹೊತ್ತಿಗೆ ಗಾಯಕ್ಕೆ ಹುಳು ಬಿತ್ತು. ವಾಸನೆ ಗಲ್ಲಿಯ ತುದಿಗೇ ಬರುತ್ತಿತ್ತು. ಅತ್ತೆಗೆ ಹೇಳಿದೆ. ಅವರು ಎದ್ದು ಹೋಗಿ ಎಲ್ಲಿಂದಲೋ ಸೀತಾಫಲದ ಎಲೆ ತಂದು ಅರೆದರು. ಊರಲ್ಲಿ ದನಕ್ಕೆ ಹುಳು ಬಿದ್ದರೆ ಅದನ್ನೇ ಹಚ್ಚುವುದು. ಆಮೇಲೆ ತಮ್ಮ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ನನ್ನ ಕೈಗೆ ಕೊಟ್ಟರು. "ಕತ್ರಿಸಾಕವ್ವ. ದೊರೆ ಬಂದು ಕೇಳಿದ್ರೆ ನಾ ಹೇಳ್ತೀನಿ."

ಕತ್ತರಿಸಿದೆ. ಚರ್ಮದ ಪಟ್ಟಿ ಕಲ್ಲಡಿಕೆಗಿಂತ ಗಟ್ಟಿ. ಅಡಕತ್ತರಿಯ ಬಾಯಿ ಗಾಯದೊಳಕ್ಕೇ ಹೋಗಬೇಕಿತ್ತು. ಕಚ್ಚಿದರೆ ಕಚ್ಚಲಿ ಅಂತ ಸೆರಗನ್ನ ಕೈಗೆ ಸುತ್ತಿಕೊಂಡಿದ್ದೆ. ಕಚ್ಚಲಿಲ್ಲ. ಒಂದು ಸಲ ಮಾತ್ರ ಕಿರುಚಿ, ನನ್ನ ಪಾದದ ಮೇಲೆ ಗಲ್ಲ ಊರಿ ಮಲಗಿತು. ಪಟ್ಟಿ ಕಿತ್ತು ಬಂದಾಗ ಅದರ ಜೊತೆಗೆ ಬಂದದ್ದನ್ನ ಬರೆಯೋದಿಲ್ಲ. ತೊಳೆದು, ಎಲೆ ಹಚ್ಚಿ, ಹಳೇ ಸೀರೆ ಹರಿದು ಅದರ ಎದೆಗೆ ಸುತ್ತಿ ಸರಪಳಿಗೆ ಕಟ್ಟಿದೆ.

ನನ್ನ ಲೆಕ್ಕಾಚಾರ ಇಷ್ಟೇ. ಶಿರಸ್ತೇದಾರರು ಹಿತ್ತಲಿಗೆ ಬರುವುದು ನೆಂಟರು ಬಂದಾಗ ಮಾತ್ರ. ಎಲೆ ಎಸೆಯುವವರು ದೂರದಿಂದಲೇ ಎಸೆದು ಹೋಗುತ್ತಾರೆ, ಕತ್ತು ನೋಡೋದಿಲ್ಲ. ಎಂಟು ದಿನದಲ್ಲಿ ಗಾಯ ಮಾಗುತ್ತೆ. ಅಷ್ಟರಲ್ಲಿ ಪಟ್ಟಿಗೆ ಎರಡು ಬೆರಳು ಚರ್ಮ ಸೇರಿಸಿ ಹೊಲಿಸಿ, ಮತ್ತೆ ಕಟ್ಟಿಬಿಟ್ಟರೆ ಯಾರಿಗೂ ತಿಳಿಯೋದಿಲ್ಲ. ಲಷ್ಕರ್ ಮೊಹಲ್ಲಾದಲ್ಲಿ ಒಬ್ಬರು ಮೋಚಿ ಬಹಳ ಚೆನ್ನಾಗಿ ಹೊಲಿದುಕೊಟ್ಟರು. ತಂದು ನಮ್ಮ ಸೌದೆಯ ಹಿಂದೆ ಬಚ್ಚಿಟ್ಟೆ. ಆರನೇ ದಿನಕ್ಕೆ ಗಾಯ ಒಣಗುತ್ತಾ ಬಂದಿತ್ತು. ಅಂಬಲಿ ಕುಡಿಯುವಾಗ ತಲೆ ಎತ್ತುವುದು ನಿಂತಿತ್ತು. ಅವತ್ತು ನನಗಾದ ಸಂತೋಷ ನನ್ನ ಮಕ್ಕಳು ಪಾಸಾದಾಗಲೂ ಆಗಿಲ್ಲ, ಸುಳ್ಳಲ್ಲ.

ಏಳನೇ ದಿನ ಬೆಳಗ್ಗೆ ಒಂಬತ್ತು ಗಂಟೆ. ಅತ್ತೆ ಹಿಂದಿನ ದಿನವಷ್ಟೇ ಊರಿಗೆ ಹೋಗಿದ್ದರು. ಬೀದಿಯಲ್ಲಿ ಗಲಾಟೆ ಕೇಳಿ ಬಾಗಿಲಿಗೆ ಬಂದೆ. ನೋಡಿದರೆ, ನಮ್ಮ ಮೆಟ್ಟಿಲ ಮೇಲೆ ಅದೇ ನಾಯಿ! ಸೀರೆ ಬಟ್ಟೆ ಕಡಿದುಕೊಂಡು, ಗಲ್ಲಿ ಹಿಡಿದು, ಬೀದಿ ಸುತ್ತಿ, ನಮ್ಮ ಮನೆ ಹುಡುಕಿಕೊಂಡು ಬಂದಿದೆ. ಎದುರಿಗೆ ನಾಯಿ ಹಿಡಿಯೋರ ಗಾಡಿ. ಅದರೊಳಗೆ ಆಗಲೇ ಆರೇಳು ನಾಯಿಗಳು. ಕತ್ತಲ್ಲಿ ಪಟ್ಟಿ ಇಲ್ಲದ್ದನ್ನೆಲ್ಲ ಹಿಡಿದು ಒಯ್ದು ಕೊಲ್ಲುತ್ತಿದ್ದರು.

ಆದರೂ ಗಾಡಿಯವನು ಕುಣಿಕೆ ಹಾಕದೆ ನಿಂತಿದ್ದ. "ಕಿವಿ ನೋಡಿದ್ರೆ ಜಾತಿ ನಾಯಿ ಕಂಡಂಗದೆ. ಯಾರ್ದು ಸ್ವಾಮಿ?" ಅಂತ ಪಕ್ಕದ ಜಗಲಿಯಲ್ಲಿದ್ದ ಶಿರಸ್ತೇದಾರರನ್ನ ಕೇಳಿದ.

ಅವರು ಪೇಪರ್ ಇಳಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಮೂರು ವರ್ಷ ತಮ್ಮ ಹಿತ್ತಲಲ್ಲಿದ್ದ ನಾಯಿ! "ನಮ್ಮ ನಾಯಿಗೆ ಕತ್ತಲ್ಲಿ ಬಿಲ್ಲೆ ಇದೆಯಪ್ಪ. ಇದ್ಯಾವುದೋ ಬೀದಿ ನಾಯಿ" ಅಂದರು. ಸುಳ್ಳು ಹೇಳಲಿಲ್ಲ ಅವರು. ನಿಜವಾಗಿಯೂ ಗುರುತು ಸಿಗಲಿಲ್ಲ.

ಗಾಡಿಯವನು ನನ್ನ ಕಡೆ ತಿರುಗಿದ. "ನಿಮ್ದಾ ತಾಯಿ? ನಿಮ್ಮನ್ನ ನೋಡಿ ಬಾಲ ಅಲ್ಲಾಡಿಸ್ತದೆ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಇಲ್ಲವೇ ಒಳಗೆ ಹೋಗಿ ಸೌದೆ ಹಿಂದಿನ ಪಟ್ಟಿ ತಂದಿದ್ದರೆ ಸಾಕಿತ್ತು. ಆದರೆ ಪಟ್ಟಿ ತಂದರೆ ಬಿಲ್ಲೆ ಕಾಣುತ್ತೆ, ಬಿಲ್ಲೆ ಕಂಡರೆ ನಾನು ಪಕ್ಕದವರ ಹಿತ್ತಲಿಗೆ ನುಗ್ಗಿದ್ದು, ದೊರೆಯ ಪಟ್ಟಿ ಕತ್ತರಿಸಿದ್ದು, ಎಲ್ಲ ಬಯಲಿಗೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ ಅನ್ನೋದು ಶಿರಸ್ತೇದಾರರಿಗೆ ಗೊತ್ತು, ಹೂಂ ಅಂದರೂ ಒಂದು ಗಳಿಗೆಯಲ್ಲಿ ಗುಟ್ಟು ರಟ್ಟು. ನನ್ನ ಬೆನ್ನ ಹಿಂದೆ ನಮ್ಮನೆಯವರು ಕಚೇರಿಗೆ ಹೊರಟು ಕೋಟಿನ ಗುಂಡಿ ಹಾಕುತ್ತಾ ನಿಂತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ, ಅವರ ಮೇಲೆ ತಪ್ಪು ಹೊರಿಸಲಾರೆ.

"ನಮ್ಮದಲ್ಲ" ಅಂದೆ.

ಕುಣಿಕೆ ಬಿದ್ದದ್ದು ಆ ಗಾಯದ ಮೇಲೇ. ನಾನು ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

ಇಬ್ಬರೂ ಗಂಡಸರು ಕಚೇರಿಗೆ ಹೋದ ಮೇಲೆ ಪಟ್ಟಿಯನ್ನ ಸೆರಗಲ್ಲಿ ಸುತ್ತಿಕೊಂಡು ಹೊರಟೆ. ಬೀದಿಗೆ ಕಾಲಿಡುವಷ್ಟರಲ್ಲಿ ಪಕ್ಕದ ಮನೆ ಅಮ್ಮನವರ ದನಿ. "ಎಲ್ಲಿಗಮ್ಮ ಹೊರಟೆ? ತಾರಸಿ ಮೇಲೆ ಸಂಡಿಗೆ ಇಟ್ಟಿದ್ದೀನಿ, ಒಂಚೂರು ಕಾಗೆ ನೋಡಿಕೋ ಬಾ." ಅವರ ಮಡಿಗೆ ನಾನು ಸಂಡಿಗೆ ಮುಟ್ಟುವ ಹಾಗಿರಲಿಲ್ಲ, ಕಾಗೆ ಓಡಿಸಬಹುದಿತ್ತು. ಕೆಲಸ ಇದೆ, ಆಮೇಲೆ ಬರ್ತೀನಿ ಅನ್ನೋದಕ್ಕೆ ನಾಲಿಗೆ ಬಿದ್ದುಹೋಗಿತ್ತೆ ನನಗೆ? ಯಾಕೆ, ಎಲ್ಲಿಗೆ ಅಂತ ಕೇಳಿದರೆ ಏನು ಹೇಳಲಿ ಅನ್ನೋ ದಿಗಿಲು. ಹೋದೆ. ಕೋಲು ಹಿಡಿದು ಕೂತೆ. ಕೆಳಗೆ ಹಿತ್ತಲಲ್ಲಿ ಬರೀ ಸರಪಳಿ ಬಿದ್ದಿತ್ತು. ಅವರು ಉಂಡು ಮಲಗುವವರೆಗೆ, ಎರಡು ಗಂಟೆಯವರೆಗೆ, ಹುಶ್ ಹುಶ್ ಅಂತ ಕಾಗೆ ಕಾದೆ.

ಆಮೇಲೆ ಓಡಿದೆ. ಊರಾಚೆ ಕಸ ಸುರಿಯುವ ಕಡೆ ನಾಯಿ ಹಿಡಿಯೋರ ದೊಡ್ಡಿ ಅಂತ ಕೇಳಿಕೊಂಡು, ಆ ಬಿಸಿಲಲ್ಲಿ ಬರಿಗಾಲಲ್ಲಿ. ದೊಡ್ಡಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಬೆಳಗ್ಗೆ ಕಂಡವನೇ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದ. ಸೆರಗು ಬಿಚ್ಚಿ ಪಟ್ಟಿ ತೋರಿಸಿದೆ.

ಅವನು ಪಟ್ಟಿ ನೋಡಿದ, ನನ್ನ ಮುಖ ನೋಡಿದ. ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತ.

"ಹನ್ನೆರಡು ಗಂಟೆವರೆಗೂ ಅದನ್ನ ಬೇರೆ ಕಟ್ಟಿದ್ದೆ ತಾಯಿ. ಯಾರಾದ್ರೂ ಬತ್ತಾರೆ ಅಂತ ಕಾದೆ" ಅಂದ. "ನೀವೇ ನಿಮ್ದಲ್ಲ ಅಂದ್ರಲ್ಲ?"

"ಹೌದಪ್ಪ, ನಾನೇ ಅಂದೆ" ಅಂದೆ.