ಅಕ್ಕನ ಸೈಕಲ್ ಬಿಚ್ಚಿದ ದಿನ

ನಮ್ಮ ಬೀದಿಯಲ್ಲಿ ನನ್ನ ಗಂಡನಿಗೆ ‘ಥೂ ಮೇಸ್ತ್ರಿ’ ಅಂತ ಅಡ್ಡಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಅಳೆದು ತೂಗಿ ಇಟ್ಟಿದ್ದಾರೆ. ಸೈಕಲ್ ರಿಪೇರಿ ಇವರ ಕಸುಬು. ಇನ್ನೊಬ್ಬರು ಮಾಡಿದ ರಿಪೇರಿಗೆ ಉಗಿಯುವುದು ಅದಕ್ಕಿಂತ ದೊಡ್ಡ ಕಸುಬು. ಯಾವ ಸೈಕಲ್ ಬಂದರೂ ಮೊದಲು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂಗು ಮುರಿದು, "ಥೂ, ಯಾವನು ಇದನ್ನ ಮುಟ್ಟಿದ್ದು?" ಅನ್ನಬೇಕು. ಆಮೇಲೇ ಸ್ಪ್ಯಾನರ್ ಕೈಗೆ ಬರುವುದು.

ನನ್ನ ಅಸಹ್ಯವೇ ಬೇರೆ. ಅಂಗಡಿ ಇರುವುದು ಮನೆಯ ಮುಂದಿನ ಕೋಣೆಯಲ್ಲಿ. ಬಾಗಿಲ ಹಿಡಿ, ದೀಪದ ಸ್ವಿಚ್ಚು, ಸೋಪು, ಟವೆಲ್ಲು, ಎಲ್ಲದಕ್ಕೂ ಗ್ರೀಸು. ಒಮ್ಮೆ ಹಾಲು ಕಾಯಿಸುವ ಪಾತ್ರೆಗೆ ಸೀಮೆಎಣ್ಣೆ ಸುರಿದು ಬೇರಿಂಗ್ ಗುಂಡುಗಳನ್ನು ತೊಳೆಯುತ್ತಿದ್ದರು. ಪಾತ್ರೆಯನ್ನು ಅವರ ಕಣ್ಣೆದುರೇ ಬೀದಿಗೆ ಎಸೆದೆ. "ಹಳೇದು ತಾನೇ" ಅಂದರು. "ಮದುವೆನೂ ಹಳೇದೇ, ಅದನ್ನೇನು ಮಾಡೋಣ?" ಅಂದೆ.

ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ಬೇಕರಿಯ ಬ್ರೆಡ್ಡನ್ನು ಸೈಕಲ್ಲಿನಲ್ಲಿ ಮನೆಮನೆಗೆ ಹಾಕುತ್ತಾರೆ. ಅವರ ಜೀವನ ನಡೆಯುವುದೇ ಅದರಲ್ಲಿ. ಈಚೆಗೆ ಬಲಮೊಣಕಾಲು ಹಿಡಿದುಕೊಂಡು ತಡವಾಗತೊಡಗಿತ್ತು. ಇನ್ನೂ ಹೀಗೇ ಆದರೆ ಆ ಮನೆಗಳ ಲೈನನ್ನು ಮೊಪೆಡ್ ಇದ್ದವರಿಗೆ ಕೊಡುತ್ತೇನೆ ಅಂತ ಬೇಕರಿಯ ಯಜಮಾನ ಹೇಳಿಬಿಟ್ಟ. ಅತ್ತಿಗೆ ಸೈಕಲ್ ತಳ್ಳಿಕೊಂಡು ನಮ್ಮಲ್ಲಿಗೆ ಬಂದರು.

"ಪೆಡಲ್ ತುಂಬಾ ಭಾರ ಕಣೋ. ಪೂರ್ತಿ ಬಿಚ್ಚಿ ಹೊಸದರ ಥರ ಮಾಡ್ಕೊಡು" ಅಂದರು.

ಇವರು ಫ್ರೇಮಿನ ತುಕ್ಕು ಉಜ್ಜಿ ತೆಗೆದು, ತಲೆಕೆಳಗು ಮಾಡಿ ನಿಲ್ಲಿಸಿದರು. ಪೆಡಲಿನ ಅಚ್ಚು ಕೂರುವ ಕೊಳವೆಗೆ ಎರಡು ಬದಿಯಲ್ಲೂ ಬಟ್ಟಲಿನಂಥ ಒಂದೊಂದು ಕಪ್ ಇರುತ್ತದೆ, ಅದರೊಳಗೆ ಗುಂಡುಗಳು. ಎಡಗಡೆಯ ಕಪ್ ಎಲ್ಲ ತಿರುಪಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಚೈನಿನ ಕಡೆಯದು ಉಲ್ಟಾ. ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ.

ಎಡಗಡೆಯದು ಬಿಚ್ಚಿದಾಗಲೇ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಟಾರಿನಂತೆ ಕರಿಕಟ್ಟಿದ ಗ್ರೀಸು, ಅದರಲ್ಲಿ ಕೂದಲು, ಯಾವುದೋ ಹುಳದ ರೆಕ್ಕೆ. ಚೈನಿನ ಕಡೆಯದನ್ನು ತಿರುಗಿಸಬೇಕಾಗಿಯೇ ಬರಲಿಲ್ಲ. ಒಳಗಿನಿಂದ ಒಂದು ಏಟು ಕೊಟ್ಟರೆ ಹುಳುಕು ಹಲ್ಲಿನಂತೆ ಉದುರಿತು. ಸುತ್ತ ಡಬ್ಬದ ತಗಡಿನ ಪಟ್ಟಿ ಸುತ್ತಿತ್ತು. ಕೊಳವೆಯೊಳಗೆ ಕಪ್ಪನ್ನು ಹಿಡಿಯುವ ತಿರುಪಿನ ಗೀರು, ಅಂದರೆ ಥ್ರೆಡ್ಡೇ ಇರಲಿಲ್ಲ, ಸವೆದು ನುಣ್ಣಗಾಗಿತ್ತು. ಗ್ರೀಸು ಮೆತ್ತಿ ಗುಂಡು ಜೋಡಿಸಿ ಸಿದ್ಧವಾಗಿಟ್ಟಿದ್ದ ಹೊಸ ಕಪ್ಪನ್ನು ಹಚ್ಚಿ ನೋಡಿದರು. ಸುಮ್ಮನೆ ಸುತ್ತುತ್ತಿತ್ತು, ಹಿಡಿಯಲೊಲ್ಲದು.

ಇವರಿಗೆ ಅದೇ ಸಾಕಾಯಿತು. ಪಕ್ಕದ ದರ್ಜಿಯನ್ನೂ ಎದುರಿನ ಕ್ಷೌರದವನನ್ನೂ ಕೂಗಿ ಕರೆದರು.

"ಥೂ! ಬನ್ರಪ್ಪಾ, ನೋಡಿ ಈ ಘನಂದಾರಿ ಕೆಲಸಾನ! ಉಲ್ಟಾ ಥ್ರೆಡ್ಡು ಅಂತ ಗೊತ್ತಿಲ್ದೆ ಬಲಕ್ಕೆ ತಿರುಚಿ ತಿರುಚಿ ಎಲ್ಲಾ ಹಾಳು ಮಾಡಿ, ಆಮೇಲೆ ತಗಡು ಸುತ್ತಿ ಸುತ್ತಿಗೇಲಿ ಹೊಡೆದು ಕೂರಿಸಿದ್ದಾನೆ. ಅಚ್ಚು ಸೊಟ್ಟ. ಸುತ್ತು ಸುತ್ತಿಗೂ ಕಾಲಿಗೆ ಒದ್ದ ಹಾಗಿರುತ್ತೆ. ಅಕ್ಕನ ಮೊಣಕಾಲು ತಿಂದವನೇ ಇವನು!"

ಅತ್ತಿಗೆ ಸ್ಟೂಲಿನ ಮೇಲೆ ಕೂತು ಮೊಣಕಾಲು ನೀವುತ್ತಿದ್ದರು. "ಹೋಗ್ಲಿ ಬಿಡೋ, ಆಗಿದ್ದು ಆಯ್ತು."

"ಬಿಡೋದಾ? ಯಾರು ಹೇಳು. ಅವನ ಮನೆ ಬಾಗಿಲಿಗೇ ಹೋಗಿ ಮುಖಕ್ಕೆ ಉಗಿದು ಬರ್ತೀನಿ."

"ಬೇಡ ಕಣೋ."

"ಹೇಳ್ತೀಯೋ ಇಲ್ವೋ?"

ಅತ್ತಿಗೆ ನೆಲ ನೋಡುತ್ತ ಹೇಳಿದರು: "ನೀನೇ ಕಣೋ. ಅಂಗಡಿ ಇಟ್ಟಾಗ ಮೊದಲ ಗಿರಾಕಿ ನಾನೇ ಆಗ್ಬೇಕು ಅಂತ ತಂದಿದ್ದೆ. ಆಮೇಲೆ ಅದನ್ನ ಇನ್ನೊಬ್ರು ಬಿಚ್ಚಿಲ್ಲ."

ದರ್ಜಿಗೆ ಒಮ್ಮೆಲೇ ಇಸ್ತ್ರಿ ನೆನಪಾಯಿತು. ಕ್ಷೌರದವನೂ ಜಾರಿಕೊಂಡ.

"ಇಷ್ಟು ವರ್ಷ ಒದೀತಿತ್ತಲ್ಲ, ಯಾಕೆ ಹೇಳ್ಲಿಲ್ಲ?" ಇವರ ದನಿ ಇಳಿದಿತ್ತು.

"ಹೇಳಿದ್ರೆ ನೀನು ನೊಂದ್ಕೊಳ್ತೀಯ. ಬೇರೆ ಅಂಗಡಿಗೆ ಹೋದ್ರೆ ಬಿಚ್ಚಿ ನೋಡ್ತಾರೆ, ನೀನು ಉಗಿಯೋ ಹಾಗೆ ನಿನಗೂ ಉಗೀತಾರೆ. ನನ್ನ ತಮ್ಮ ಯಾಕೆ ಅನ್ನಿಸ್ಕೋಬೇಕು ಅಂತ ತುಳಿದೆ."

ನನಗೆ ಮೈಯೆಲ್ಲ ಉರಿಯಿತು. ಸೋಪಿನ ಮೇಲಿನ ಗ್ರೀಸೆಲ್ಲ ಇದರ ಮುಂದೆ ಏನೂ ಅಲ್ಲ. ಊರಿನವರ ಕೆಲಸಕ್ಕೆಲ್ಲ ಉಗಿದ ಈ ಬಾಯಿಗೆ ಅನ್ನ ಬಡಿಸಿದ್ದೆನಲ್ಲ ಅಂತ ನನ್ನ ಮೇಲೇ ಹೇಸಿಗೆಯಾಯಿತು. ಮೊಣಕಾಲು ಸವೆಸಿಕೊಂಡು ತಮ್ಮನ ಹೆಸರು ಕಾಯುವ ಅತ್ತಿಗೆಯ ಮಮತೆಗೂ ಒಂದು ಥೂ ಅನ್ನಬೇಕೆನಿಸಿತು. ಅವರ ಮುಖ ನೋಡಿ ನುಂಗಿಕೊಂಡೆ.

ಕೊಳವೆಯನ್ನು ಕೊರೆದು ಹೊಸ ಥ್ರೆಡ್ ಹಾಕುವ ಸಾಮಾನು ಇದ್ದದ್ದು ಬೀದಿಯ ಕೊನೆಯ, ಕಬ್ಬಿಣ ಕಡೆಯುವ ಲೇತಿನವನ ಬಳಿ ಮಾತ್ರ. ಇವರ ಉಗುಳು ಅತಿ ಹೆಚ್ಚು ಬಿದ್ದದ್ದೂ ಅವನ ಕೆಲಸದ ಮೇಲೆಯೇ. ಇವರು ಫ್ರೇಮನ್ನು ಹೆಗಲಿಗೇರಿಸಿದರು. "ನೀನು ಇಲ್ಲೇ ಕೂತಿರು" ಅಂತ ಅಕ್ಕನಿಗೆ ಹೇಳಿ, ಹಾಡುಹಗಲೇ ಬೀದಿಯಲ್ಲಿ ಹೊರಟರು. ಕಪ್ಪುಗಳನ್ನು ಕಾಗದದಲ್ಲಿ ಸುತ್ತಿಕೊಂಡು ನಾನೂ ಹಿಂದೆ ಹೋದೆ. ಸಹಾಯಕ್ಕಲ್ಲ, ಇವರ ಮುಖ ನೋಡುವುದಕ್ಕೆ. ಅತ್ತಿಗೆ ಕೂರುವ ಜಾತಿಯಲ್ಲ, ಕಾಲೆಳೆಯುತ್ತ ದೂರದಲ್ಲಿ ಬರುತ್ತಿದ್ದರು.

ಲೇತಿನವನು ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದ. ಬೆರಳು ಹಾಕಿ ಸವರಿದ. ಅವನ ಮುಖ ಅರಳಿತು.

"ಅಬ್ಬಾ! ಯಾವನಪ್ಪಾ ಈ ಕಟುಕ?"

"ನಾನೇ" ಅಂದರು ಇವರು.

ಲೇತಿನವನು ಟಾರ್ಚನ್ನು ಕೊಳವೆಯಿಂದ ಇವರ ಮುಖಕ್ಕೆ ತಿರುಗಿಸಿದ. ಇವರು ಒಮ್ಮೆ ತಿರುಗಿ ರಸ್ತೆಯ ಕಡೆ ನೋಡಿದರು.

"ಏನೇನು ಬೈಬೇಕೋ ಈಗಲೇ ಬೈದು ಮುಗಿಸ್ಬಿಡು ಮಾರಾಯ, ಅಕ್ಕ ಬರೋಷ್ಟರಲ್ಲಿ."